ಅಕ್ಕ ಕೊಟ್ಟ ಹೆಪ್ಪು

ಜನವರಿ 19, 2025, ಭಾನುವಾರ

ಸಂತೇಬೆನ್ನೂರಿಗೆ ಹೋಗಿ ಸಂಧ್ಯಾಳನ್ನು ನೋಡಿಕೊಂಡು ಸಂಜೆಯ ಹೊತ್ತಿಗೆ ನಾನೂ ಅವ್ವನೂ ಇರುವ ಗೋವಿನಕೋವಿಗೆ ವಾಪಸ್ ಬಂದೆ. ಅಲ್ಲಿ ಸಂಧ್ಯಾಳ ಮನೆಯ ಬಾಗಿಲು ತೆರೆದವಳನ್ನು ಒಂದು ಗಳಿಗೆ ಯಾರೋ ವಯಸ್ಸಾದ ಹೆಂಗಸು ಅಂದುಕೊಂಡೆ. ನನ್ನ ತಂಗಿಗೆ ಇನ್ನೂ ಮೂವತ್ತಾರು.

ಈಗ ಬೆನ್ನು ಕೆರೆದುಕೊಳ್ಳಲು ಬಾಚಣಿಗೆ ಇಟ್ಟುಕೊಂಡಿದ್ದಾಳೆ. ತೋಳಿನ ಮೇಲೆಲ್ಲ ಉಗುರಿನ ಗೀರು. ಮುಲಾಮು ಹಚ್ಚಿದರೆ ಹೋಗುವ ತುರಿಕೆಯಲ್ಲ ಇದು. ಕಿಡ್ನಿ ಸೋಸಲಾರದೆ ರಕ್ತದಲ್ಲಿ ಬಿಟ್ಟ ವಿಷದ ತುರಿಕೆ. ರಕ್ತದಲ್ಲಿ ಒಂದರ ಆಸುಪಾಸು ಇರಬೇಕಾದ ಕ್ರಿಯಾಟಿನಿನ್ ನಾಲ್ಕೂವರೆ ದಾಟಿದೆ. ಊಟಕ್ಕೆ ಕೂತರೆ ನಾಲ್ಕು ತುತ್ತಿಗೇ ತಟ್ಟೆ ಸರಿಸುತ್ತಾಳೆ. ಅವಳ ಗಂಡ ಗುರುಬಸವರಾಜ್ ಗೊಬ್ಬರದ ಅಂಗಡಿಯಿಂದ ಬಂದು ತಾವೇ ಟೀ ಮಾಡಿ ತಂದರು. "ಅಕ್ಕಾರೆ, ಇದು ನಿಮ್ದು, ಸಕ್ಕರೆ ಹಾಕಿಲ್ಲ" ಎಂದರು.

ನನಗೆ ಸಕ್ಕರೆ ಕಾಯಿಲೆ ಇಲ್ಲ. ಯಾರಿಗೂ ಹೇಳಿಲ್ಲ, ಇಲ್ಲಾದರೂ ಒಮ್ಮೆ ನೆಟ್ಟಗೆ ಬರೆದುಬಿಡುತ್ತೇನೆ. ಎರಡು ವರ್ಷದ ಹಿಂದೆ ಡಾಕ್ಟರು, ಮುಂದೆ ಬೇರೆ ಕಿಡ್ನಿ ಹಾಕಿಸಬೇಕಾಗಬಹುದು, ಮನೆಯವರಲ್ಲಿ ಯಾರದು ಹೊಂದುತ್ತದೆ ನೋಡಿಕೊಳ್ಳಿ ಎಂದಿದ್ದರು. ಗುರುಬಸವರಾಜ್ ಅವರ ರಕ್ತದ ಗುಂಪು ಬೇರೆ. ಅವ್ವನಿಗೆ ಎಪ್ಪತ್ತು, ಜೊತೆಗೆ ಬಿಪಿ. ಉಳಿದವಳು ನಾನು. ಚಿಕ್ಕಮ್ಮ ಕೆಂಪಕ್ಕ ಎಲ್ಲರೆದುರಿಗೇ ಅಂದಳು: "ಯಶೋಧರಾ ಕೊಡ್ತಾಳೆ ಬಿಡ್ರಿ. ಅವಳಿಗೇನು, ಹಿಂದಿಲ್ಲ ಮುಂದಿಲ್ಲ."

ಗಂಡ ಇಲ್ಲ, ಮಕ್ಕಳಿಲ್ಲ, ಆದ್ದರಿಂದ ನನ್ನ ಒಂದು ಕಿಡ್ನಿ ಹೇಗೂ ಬಿಡುವಾಗಿಯೇ ಇದೆ ಎನ್ನುವ ಹಾಗೆ. ನಮ್ಮ ಯಜಮಾನರು ಪಿತ್ತಕೋಶದ ಕಲ್ಲು ತೆಗೆಸಲು ತಾವೇ ನಡೆದು ಆಪರೇಷನ್ ಕೋಣೆಗೆ ಹೋದವರು. ನಾಳೆ ಸಂಜೆ ಮನೆಗೆ ಹೋಗೋಣ ಎಂದು ಕನ್ನಡಕ ನನ್ನ ಕೈಗೆ ಕೊಟ್ಟು ಹೋದರು. ಆಮೇಲೆ ಅವರನ್ನು ಸ್ಟ್ರೆಚರಿನ ಮೇಲೆ ಮುಖ ಮುಚ್ಚಿ ತಂದರು. ಒಂಬತ್ತು ವರ್ಷವಾಯಿತು. ಕೆಂಪಕ್ಕ ಹಾಗಂದಾಗ ನನ್ನ ಬಾಯಲ್ಲಿ "ನಂಗೆ ಸಕ್ಕರೆ ಐತಂತೆ, ಹೊನ್ನಾಳಿಯಾಗೆ ತೋರಿಸಿದ್ದೆ" ಎಂದು ಬಂತು. ಸಕ್ಕರೆ ಇದ್ದವರ ಕಿಡ್ನಿ ತೆಗೆದುಕೊಳ್ಳುವುದಿಲ್ಲ. ಯಾರೂ ಚೀಟಿ ಕೇಳಲಿಲ್ಲ.

ಹೆದರಿದ್ದು ತಪ್ಪೇ? ಮಕ್ಕಳಿಲ್ಲದವಳ ಜೀವ ಅಗ್ಗವೇ?

ಫೆಬ್ರವರಿ 4, ಮಂಗಳವಾರ

ನಾನು ನೋಡಿಕೊಳ್ಳುವ ಊರ ಗ್ರಂಥಾಲಯಕ್ಕೆ ರಜೆ ಹಾಕಿ ಸಂಧ್ಯಾ, ಗುರುಬಸವರಾಜ್ ಜೊತೆ ದಾವಣಗೆರೆಗೆ ಹೋಗಿದ್ದೆ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯೊಂದರ ಪ್ರಯೋಗ ನಡೆಯುತ್ತಿದೆಯಂತೆ. ಬರೀ ಹನ್ನೆರಡು ರೋಗಿಗಳು.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ರಕ್ತದಲ್ಲಿ ಸೇರುವ ವಿಷಗಳಲ್ಲಿ ಕೆಲವು ಹುಟ್ಟುವುದೇ ಕರುಳಿನಲ್ಲಿ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಕಿಡ್ನಿ ಸೋತವರಲ್ಲಿ ಒಳ್ಳೆಯವು ಕಡಿಮೆಯಾಗಿ, ವಿಷ ಮಾಡುವಂಥವು ಹೆಚ್ಚಾಗಿರುತ್ತವೆ. ಆರೋಗ್ಯವಂತರ ಮಲವನ್ನು ಶುದ್ಧ ಮಾಡಿ, ಅದರಲ್ಲಿರುವ ಒಳ್ಳೆಯ ಜೀವಿಗಳನ್ನು ಒಣಗಿಸಿ ಮಾತ್ರೆಯೊಳಗೆ ತುಂಬಿ ರೋಗಿಗೆ ಕೊಡುತ್ತಾರೆ.

ಮಲ ಎಂದ ಕೂಡಲೇ ಗುರುಬಸವರಾಜ್ ಕಿಟಕಿಯ ಕಡೆ ತಿರುಗಿದರು. ಸಂಧ್ಯಾ ಮಾತ್ರ ಕೇಳಿದಳು: "ಇದ್ರಿಂದ ಕಿಡ್ನಿ ಸರಿ ಹೋಗ್ತತಾ ಮೇಡಂ?"

"ಇಲ್ಲಮ್ಮ. ಸತ್ತ ಭಾಗ ಮತ್ತೆ ಬರಲ್ಲ. ವಿಷ ಸ್ವಲ್ಪ ಇಳಿಬಹುದು, ಉಳಿದಿರೋ ಕಿಡ್ನಿ ಇನ್ನಷ್ಟು ದಿನ ಬರಬಹುದು. ಬರಬಹುದು ಅಷ್ಟೇ. ನಮಗೂ ಗೊತ್ತಿಲ್ಲ, ಅದಕ್ಕೇ ಪ್ರಯೋಗ."

ಕೊಡುವವರು ಮನೆಯವರೇ ಆದರೆ ಅನುಕೂಲ ಎಂದರು. ಅವರ ಮಾತು ಮುಗಿಯುವ ಮೊದಲೇ ನಾನು ಕೊಡುತ್ತೇನೆ ಎಂದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ. ಸಂಧ್ಯಾ ನನ್ನ ಕೈ ಅದುಮಿದಳು. ಎರಡು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಗಿತ್ತು.

ಅವ್ವನಿಗೆ ಹೇಗೆ ಹೇಳುವುದೋ ಎಂದುಕೊಂಡೆ. ಅವಳು ಒಂದೇ ಮಾತಿಗೆ ಅರ್ಥ ಮಾಡಿಕೊಂಡಳು. "ಹೆಪ್ಪು ಹಾಕಿದಂಗೆ ಅನ್ನು. ಒಳ್ಳೆ ಮೊಸರಿಂದು ಒಂದು ಚಮಚ."

ಫೆಬ್ರವರಿ 6, ಗುರುವಾರ

ಆಸ್ಪತ್ರೆಯಲ್ಲಿ ಪ್ರಯೋಗದ ಕೆಲಸ ನೋಡಿಕೊಳ್ಳುವ ಪುಷ್ಪಾವತಿ ಎಂಬುವವರು ಮೊಬೈಲಿಗೆ ಪಟ್ಟಿ ಕಳಿಸಿದ್ದಾರೆ. ಕೊಡುವವರು ಏನೇನು ಪರೀಕ್ಷೆ ಮಾಡಿಸಬೇಕು, ಏನು ತಿನ್ನಬಾರದು. ಎಲೆ ಅಡಿಕೆ ಬಿಡಬೇಕು, ಅದು ಸರಿ. ಏಳನೆಯ ಸಾಲು: ಸಕ್ಕರೆ ಕಾಯಿಲೆ ಇರುವವರು ಕೊಡುವಂತಿಲ್ಲ.

ಇದು ಮೊನ್ನೆ ಯಾಕೆ ಹೊಳೆಯಲಿಲ್ಲ? ಅವರಿಬ್ಬರಿಗೂ ಹೊಳೆದಿಲ್ಲ. ಈಗಲೂ ಫೋನ್ ಮಾಡಿ, ನನಗೆ ಸಕ್ಕರೆ ಅಲ್ಲವಾ, ಆಗುವುದಿಲ್ಲವಂತೆ ಎಂದುಬಿಡಬಹುದು. ಎರಡನೇ ಸಲ.

ಫೆಬ್ರವರಿ 10, ಸೋಮವಾರ

ಸೋಮವಾರ ಗ್ರಂಥಾಲಯಕ್ಕೆ ವಾರದ ರಜೆ. ಬೆಳಗಿನ ಬಸ್ಸು ಬಂತು, ಹತ್ತಿದೆ. ರಕ್ತ, ಮೂತ್ರ, ಎಲ್ಲ ಕೊಟ್ಟು ಬಂದೆ.

ಫೆಬ್ರವರಿ 17, ಸೋಮವಾರ

ಹೀಗಾಯಿತು. ಆಸ್ಪತ್ರೆಯ ಚಿಕ್ಕ ಕೋಣೆಯಲ್ಲಿ ನಾವು ಮೂವರೂ ಕೂತಿದ್ದೆವು. ಪುಷ್ಪಾವತಿ ನನ್ನ ರಿಪೋರ್ಟು ತಿರುವುತ್ತಾ, "ಎಲ್ಲಾ ಚೆನ್ನಾಗೈತೆ ಮೇಡಂ, ನೀವು ಕೊಡಬೌದು" ಎಂದರು. ಗುರುಬಸವರಾಜ್‌ಗೆ ಆಗ ನೆನಪಾಯಿತು. "ಇವರಿಗೆ ಸಕ್ಕರೆ ಐತಲ್ರಿ?"

"ಇಲ್ಲ ಸಾರ್. ಮೂರು ತಿಂಗಳ ಸರಾಸರಿನೂ ನೋಡೀವಿ. ಚಿನ್ನದಂಥ ರಿಪೋರ್ಟು."

"ಎರಡು ವರ್ಷದಿಂದ ಐತೆ ಅಂತ..." ಎಂದು ಅವರು ಪುಷ್ಪಾವತಿಗೆ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಬೈದಿದ್ದರೆ ಏನಾದರೂ ಉತ್ತರ ಹೇಳುತ್ತಿದ್ದೆ.

ಸಂಧ್ಯಾ ನನ್ನನ್ನು ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. "ಮನೆಗೆ ಹೋಗಾನ ನಡೀರಿ" ಎಂದು ಗಂಡನಿಗೆ ಹೇಳಿ ಎದ್ದಳು. ನಾನು ಬಸ್ ನಿಲ್ದಾಣದಲ್ಲಿ ಹೊನ್ನಾಳಿಯ ಮೂರು ಬಸ್ಸು ಬಿಟ್ಟು ನಾಲ್ಕನೆಯದಕ್ಕೆ ಹತ್ತಿದೆ.

ಫೆಬ್ರವರಿ 18

ಫೋನ್ ಬಂದಿಲ್ಲ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಉಪವಾಸ. ಗುರುಬಸವರಾಜ್ ಫೋನ್ ಮಾಡಿದ್ದರು. "ಅಕ್ಕಾರೆ, ಸಂಧ್ಯಾ ಒಪ್ಪಿಕೊಂಡಾಳೆ. ಮಾತ್ರೆ ತಗಂತಾಳಂತೆ. ನೀವು ಕೊಡಾಕೆ ಬರ್ರಿ. ಆದ್ರೆ ಈಗ ಅವಳಿಗೆ ಫೋನ್ ಮಾಡಬ್ಯಾಡ್ರಿ."

"ನೀವು ನನ್ನ ಬಗ್ಗೆ ಏನಂದ್ಕಂಡ್ರಿ?" ಎಂದು ಕೇಳಿಬಿಟ್ಟೆ.

"ನನ್ನ ರಕ್ತ ಹೊಂದಲಿಲ್ಲ ಅಂದಾಗ ನಂಗೂ ಒಂದು ಗಳಿಗೆ ಸಮಾಧಾನ ಆಗಿತ್ರಿ. ನಾನೇನು ಅನ್ಲಿ?" ಎಂದರು.

ಅವ್ವನಿಗೆ ಏನೂ ಹೇಳಿಲ್ಲವಂತೆ. ನಾನೂ ಹೇಳಿಲ್ಲ. ಅವ್ವ ಈಗಲೂ ನನ್ನ ಟೀಯನ್ನು ಬೇರೆ ಪಾತ್ರೆಯಲ್ಲಿ ಮಾಡುತ್ತಾಳೆ.

ಮಾರ್ಚ್ 10, ಸೋಮವಾರ

ಬರೆಯಲೋ ಬೇಡವೋ. ಬರೆಯುತ್ತೇನೆ, ಓದುವವರು ಯಾರಿದ್ದಾರೆ?

ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ ಮುಟ್ಟಿದೆ. ಪುಷ್ಪಾವತಿ ನನ್ನನ್ನು ಶೌಚಾಲಯದ ಕೋಣೆಗೆ ಕರೆದೊಯ್ದು, ಕಮೋಡಿನ ಮೇಲೆ ಇಡುವ ಪ್ಲಾಸ್ಟಿಕ್ ಬೋಗುಣಿ, ಮುಚ್ಚಳದ ಡಬ್ಬಿ ತೋರಿಸಿದರು. ಒಂಬತ್ತಾಯಿತು, ಹತ್ತಾಯಿತು. ಏನೂ ಇಲ್ಲ. ಹೊರಗೆ ಒಬ್ಬರು ನನ್ನದಕ್ಕಾಗಿ ಕಾಯುತ್ತಿದ್ದಾರೆ ಎಂದರೆ ದೇಹ ಗಂಟು ಹಾಕಿಕೊಂಡು ಕೂರುತ್ತದೆ. ಬಿಸಿನೀರು ಕೊಟ್ಟರು, ವರಾಂಡದಲ್ಲಿ ನಡೆಸಿದರು. "ಗಾಬರಿ ಆಗಬ್ಯಾಡ್ರಿ, ಮೊದಲ್ನೇ ದಿನ ಎಲ್ರಿಗೂ ಹಿಂಗೇ" ಎಂದರು. ಹನ್ನೊಂದೂವರೆಗೆ ಆಯಿತು. ಡಬ್ಬಿಯನ್ನು ಕೊಡುವಾಗ ಅವರ ಮುಖ ನೋಡಲಾಗದೆ ಗೋಡೆ ನೋಡುತ್ತಾ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, "ಥ್ಯಾಂಕ್ಸ್ ಮೇಡಂ" ಎಂದರು.

ಬಸ್ಸಿನಲ್ಲಿ ನಗು ಬಂತು, ಆಮೇಲೆ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು "ಯಾರನ್ನಾದ್ರೂ ಆಸ್ಪತ್ರೆಯಾಗೆ ಬಿಟ್ಟು ಬಂದ್ರೇನು?" ಎಂದು ಕೇಳಿದಳು. ಹೂಂ ಎಂದೆ.

ಇನ್ನೂ ಐದು ಸಲ ಹೋಗಬೇಕು. ಅಲ್ಲಿಯವರೆಗೆ ಮದುವೆ ಮನೆ ಊಟ ಇಲ್ಲ, ಹೋಟೆಲಿಲ್ಲ. ಜ್ವರ ಬಂದರೂ ತಿಳಿಸದೆ ಮಾತ್ರೆ ನುಂಗುವಂತಿಲ್ಲ. ಸೊಪ್ಪು, ಕಾಳು, ರೊಟ್ಟಿ, ಮಜ್ಜಿಗೆ. ನಾನು ತಿಂದದ್ದು ಅವಳ ಹೊಟ್ಟೆಗೆ ಎಂದುಕೊಂಡು ತಿನ್ನುತ್ತಿದ್ದೇನೆ.

ಮಾರ್ಚ್ 30, ಭಾನುವಾರ

ಯುಗಾದಿ. ಬೇವು ಬೆಲ್ಲ ಹಂಚುತ್ತಿದ್ದಾಗ ಸಂಧ್ಯಾಳ ಫೋನ್. ಆರು ವಾರದ ಮೇಲೆ ಅವಳ ದನಿ.

"ಅಕ್ಕ, ನಿನ್ನೆ ಐದು ತಾಸು ಮಲಗಿದ್ದೆ. ಕೆರಕೊಳ್ಳಾಕೆ ಎದ್ದೇ ಇಲ್ಲ."

ಇಷ್ಟೇ. ಹಬ್ಬದ ಊಟ ಮಾಡಿದೆಯಾ ಎಂದೂ ಕೇಳದೆ ಇಟ್ಟುಬಿಟ್ಟಳು. ನಾನು ಅವ್ವನಿಗೆ ಮೂರು ಸಲ ಹೇಳಿದೆ. ಮೂರನೇ ಸಲ ಅವಳು, "ಕಿವಿ ಕೇಳ್ತತೆ ನಂಗೆ" ಎಂದಳು.

ಏಪ್ರಿಲ್ 13, ಭಾನುವಾರ

ಸಂತೇಬೆನ್ನೂರು. ಹೇಳದೆ ಕೇಳದೆ ಹೋದೆ. ಗುರುಬಸವರಾಜ್ ಅಂಗಡಿಯಲ್ಲಿದ್ದರು, ಅವರ ಮಗಳು ಆಶಾ ಗೆಳತಿಯ ಮನೆಗೆ ಹೋಗಿದ್ದಳು. ಸಂಧ್ಯಾ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಒಳಗೆ ಬಾ, ಬಿಸಿಲಾಗೆ ಯಾಕೆ ನಿಂತಿ?" ಎಂದಳು.

ಅವಳು ತರಕಾರಿ ಹೆಚ್ಚುತ್ತಿದ್ದಳು. ಹೆಚ್ಚಿದ್ದನ್ನೆಲ್ಲ ನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಮತ್ತೆ ನೆನೆಹಾಕಬೇಕು. ಇಲ್ಲದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯಕ್ಕೆ ಕೇಡು. ನಾನೂ ಒಂದು ಈಳಿಗೆಮಣೆ ಎಳೆದುಕೊಂಡು ಕೂತೆ.

"ಸಂಧ್ಯಾ, ಸುಳ್ಳು ಹೇಳಿದ್ದೆ ಕಣೆ" ಎಂದೆ.

"ನಂಗೆ ಆವಾಗ್ಲೇ ಗೊತ್ತಿತ್ತು."

ನನ್ನ ಕೈ ನಿಂತಿತು. ಅವಳು ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಸಕ್ಕರೆ ಐತೆ ಅನ್ನೋಳು ಒಂದಿನನಾದ್ರೂ ಮಾತ್ರೆ ನುಂಗಬೇಕಲ್ಲ? ನೀನು ಇಲ್ಲಿ ಉಳಿದಾಗ ಸ್ನಾನಕ್ಕೆ ಹೋಗಿದ್ದಿ. ನಿನ್ನ ಚೀಲ ಎಲ್ಲಾ ಹುಡುಕಿದೆ. ಒಂದು ಗುಳಿಗೆ ಇರಲಿಲ್ಲ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಇಲ್ಲಿಗೆ ಬರೋದೇ ಬಿಡ್ತಿದ್ದಿ."

ಹೊರಗೆ ಯಾವುದೋ ಟ್ರ್ಯಾಕ್ಟರ್ ಹೋಯಿತು. ಅವಳು ಹೆಚ್ಚಿದ್ದನ್ನು ಪಾತ್ರೆಯ ನೀರಿಗೆ ಹಾಕಿದಳು.

"ಆಸ್ಪತ್ರೆಯಾಗೆ ಅವರು ಹಂಗೆ ಎಲ್ರ ಮುಂದೆ ಹೇಳಿಬಿಟ್ರಲ್ಲ ಅಕ್ಕ, ಆಮೇಲೆ ಗೊತ್ತಿಲ್ದೋರಂಗೆ ಇರಾಕೆ ಆಗಲಿಲ್ಲ ನಂಗೆ. ಸಿಟ್ಟು ಬಂತು. ಎರಡು ವರ್ಷದ ಸಿಟ್ಟು ಒಂದೇ ಸಲ."

ನಾನು ಅತ್ತೆ. ಅವಳು ಅಳಲಿಲ್ಲ. ನೆನೆಹಾಕಿದ ಪಾತ್ರೆಯ ನೀರು ಚೆಲ್ಲಿ ಬಂದು ಪಕ್ಕ ಕೂತಳು. "ಚಿಕ್ಕೋಳಿದ್ದಾಗ ನೀನು ಉಟ್ಟ ಲಂಗ ನಂಗೆ, ನೀನು ಓದಿದ ಪುಸ್ತಕ ನಂಗೆ. ಈಗ ಇದೊಂದು ಬಾಕಿ ಇತ್ತು ನೋಡು" ಎಂದು ಫ್ರಿಜ್ಜಿನ ಕಡೆ ಕೈ ತೋರಿಸಿದಳು. ನನ್ನ ಮಾತ್ರೆಗಳು ಅಲ್ಲಿದ್ದವು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಶಾ ಬಂದವಳು ಬಾಗಿಲಲ್ಲೇ ಬೆರಗಾಗಿ ನಿಂತಳು.

ಮಧ್ಯಾಹ್ನ ಅವಳು ಒಂದೂವರೆ ರೊಟ್ಟಿ ತಿಂದಳು.

ಜೂನ್ 9, ಸೋಮವಾರ

ಹನ್ನೆರಡು ವಾರ ಮುಗಿಯಿತು. ಡಾಕ್ಟರಮ್ಮ ಎರಡು ಹಾಳೆ ಮುಂದಿಟ್ಟರು. ಮೊದಲನೆಯದರಲ್ಲಿ, ಕರುಳಿನಿಂದ ಬರುವ ಎರಡು ವಿಷಗಳು ಇಳಿದಿವೆ. ಎರಡನೆಯದರಲ್ಲಿ ಕ್ರಿಯಾಟಿನಿನ್ ಆರು ಮುಟ್ಟಿದೆ. ಕಿಡ್ನಿ ನೂರಕ್ಕೆ ಹತ್ತು ಪಾಲು ಕೂಡ ಉಳಿದಿಲ್ಲ.

"ತುರಿಕೆ ಇಳಿದದ್ದು ನಿಜ, ಊಟ ಸೇರಿದ್ದು ನಿಜ. ಕಿಡ್ನಿ ಸೋಲೋದನ್ನ ತಡೆಯೋಕೆ ಆಗಲಿಲ್ಲ. ಬಹುಶಃ ನಾವು ತಡವಾಗಿ ಶುರು ಮಾಡಿದ್ವಿ" ಎಂದರು. ಡಯಾಲಿಸಿಸ್‌ಗೆ ಕೈಯಲ್ಲಿ ರಕ್ತನಾಳ ಕೂಡಿಸುವ ಆಪರೇಷನ್ ಮಾಡಿಸಿಕೊಳ್ಳಲು ತಡ ಮಾಡಬೇಡಿ ಎಂದೂ ಹೇಳಿದರು.

ತಡವಾಗಿ ಎಂಬ ಮಾತು ನನ್ನನ್ನು ಹಿಡಿದುಕೊಂಡಿತು. ಎರಡು ವರ್ಷ.

ವರಾಂಡದಲ್ಲಿ "ಕಿಡ್ನಿ ನಾನು ಕೊಡ್ತೀನಿ" ಎಂದೆ. ಸಂಧ್ಯಾ ತಕ್ಷಣ, "ಬ್ಯಾಡ" ಎಂದಳು. "ತಪ್ಪು ಮಾಡೀನಿ ಅಂತ ಕೊಡೋದು ನಂಗೆ ಬ್ಯಾಡ. ಆ ಭಾರನೂ ನಾನೇ ಹೊರಬೇಕಾಗ್ತತೆ."

ಜೂನ್ 22, ಭಾನುವಾರ

ಕೊಡುವವರ ಕಿಡ್ನಿ ಹೇಗೆ ತೆಗೆಯುತ್ತಾರೆ ಎಂದು ಪುಷ್ಪಾವತಿಯವರಿಗೆ ಫೋನ್ ಮಾಡಿ ಕೇಳಿದೆ. ಎಡ ಪಕ್ಕೆಯಲ್ಲಿ ಮೂರು ನಾಲ್ಕು ಚಿಕ್ಕ ತೂತು, ಕೆಳಗೆ ಒಂದು ಗೇಣಿಗಿಂತ ಕಡಿಮೆ ಕೊಯ್ತ. ನಾಲ್ಕೈದು ದಿನ ಆಸ್ಪತ್ರೆ. ಆರು ವಾರ ಭಾರ ಎತ್ತುವಂತಿಲ್ಲ. ಗ್ರಂಥಾಲಯಕ್ಕೆ ಹೊಸ ಪುಸ್ತಕದ ಕಟ್ಟುಗಳು ಬರಬೇಕು, ಎತ್ತಿಡಲು ಯಾರನ್ನಾದರೂ ನೋಡಬೇಕು. ಮಳೆ ಹಿಡಿದಿದೆ. ಮೆಕ್ಕೆಜೋಳ ಬಿತ್ತಿದವರು ಖುಷಿಯಾಗಿದ್ದಾರೆ.

ಜುಲೈ 2, ಬುಧವಾರ

ಒಪ್ಪಿದಳು!

ಮೂರು ವಾರದಿಂದ ಬೇಡ ಎನ್ನುತ್ತಿದ್ದವಳು. ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಇವತ್ತು ಅವಳ ಕಾಲು ಊದಿದ್ದವು, ನಾಲ್ಕು ಮಾತಿಗೆ ಉಸಿರು ಕಟ್ಟುತ್ತಿತ್ತು. "ನಿಂಗೆ ಹೆದರಿಕೆ ಹೋತಾ?" ಎಂದು ಕೇಳಿದಳು.

"ಇಲ್ಲ. ಹೆದರಿಕೆ ಇಟ್ಕಂಡೇ ಕೊಡ್ತೀನಿ. ನೀನೇನು ಅಸಹ್ಯ ಇಲ್ದಂಗೆ ಮಾತ್ರೆ ನುಂಗಿದ್ಯಾ?"

ನಕ್ಕಳು, ಕೆಮ್ಮು ಬಂತು. ಆಶಾ ಆಡುತ್ತಿದ್ದ ಅಂಗಳವನ್ನು ನೋಡುತ್ತಾ, "ಇವಳು ಕಾಲೇಜು ಮೆಟ್ಟಿಲು ಹತ್ತಾ ತನಕ ಇದ್ರೆ ಸಾಕು ಕಣಕ್ಕ" ಎಂದಳು. ಇದೇ 14ಕ್ಕೆ ನನ್ನ ಮೊದಲ ಪರೀಕ್ಷೆಗಳು. ಅವ್ವನಿಗೆ ಎಲ್ಲ ನಿಕ್ಕಿಯಾದ ಮೇಲೆ ಹೇಳಬೇಕು.

ಜುಲೈ 9

ಸಂಧ್ಯಾ ಹೋದಳು.

ಜುಲೈ 21, ಸೋಮವಾರ

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಮೊನ್ನೆ ಬಂದೆವು.

ಬೆಳಿಗ್ಗೆ ಏಳಕ್ಕೆ ಆಶಾಳಿಗೆ ಜಡೆ ಹಾಕುತ್ತಿದ್ದಳಂತೆ. ಒಂದು ಜಡೆ ಮುಗಿದಿತ್ತು. ಎದೆ ಹಿಡಿದುಕೊಂಡಿತು ಎಂದು ಗೋಡೆಗೆ ಒರಗಿದಳು. ಗುರುಬಸವರಾಜ್ ಕಾರು ತಂದು ದಾವಣಗೆರೆಗೆ ಹೊರಟರು, ಅರ್ಧ ದಾರಿಯೂ ಆಗಲಿಲ್ಲ. ಪೊಟ್ಯಾಸಿಯಂ ಏರಿ ಹೃದಯ ನಿಂತಿರಬೇಕು, ಮಾತ್ರೆಗಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಗುರುಬಸವರಾಜ್ ಅವರಿಗೆ ಫೋನಿನಲ್ಲಿ ಹೇಳಿದರಂತೆ.

ಹೊಲದಲ್ಲಿ ಕೂರಿಸಿ ಮಣ್ಣು ಮಾಡಿದರು. ಹಣೆ ತುಂಬ ವಿಭೂತಿ. ತೋಳಿನ ಮೇಲಿನ ಗೀರುಗಳೆಲ್ಲ ಮಾಯ್ದಿದ್ದವು. ಮಣ್ಣು ಹಾಕುವ ಮೊದಲು ನಾನು ಅದನ್ನೇ ನೋಡುತ್ತಿದ್ದೆ. ಆಶಾಳ ಇನ್ನೊಂದು ಜಡೆಯನ್ನು ನಾನು ಹಾಕಲು ಹೋದರೆ ಬೇಡ ಎಂದಳು. ಆ ದಿನವೆಲ್ಲ ಹಾಗೆಯೇ ಇದ್ದಳು.

ಜುಲೈ 28, ಸೋಮವಾರ

ಪ್ರಯೋಗದ ಕಾಗದಗಳನ್ನು ವಾಪಸ್ ಕೊಡಬೇಕಿತ್ತು. ಗುರುಬಸವರಾಜ್ ತಮ್ಮಿಂದ ಆಗುವುದಿಲ್ಲ ಎಂದರು, ನಾನು ಹೋದೆ. ಪುಷ್ಪಾವತಿ ಸಂಧ್ಯಾಳ ಕಾರ್ಡು ನೋಡಿ ಅತ್ತರು, ಆಮೇಲೆ ಕಣ್ಣೊರೆಸಿಕೊಂಡು ವಿವರ ಕಂಪ್ಯೂಟರಿಗೆ ಹಾಕಿದರು.

ಜಗಳೂರಿನ ಕಡೆಯ ಅಂಜಮ್ಮ ಎಂಬುವವರು ಈ ತಿಂಗಳು ಸೇರಿದ್ದಾರಂತೆ. ಕಾಯಿಲೆ ಇನ್ನೂ ಮೊದಲ ಹಂತದಲ್ಲಿದೆ. ಮನೆಯಲ್ಲಿ ಕೊಡುವವರು ಯಾರೂ ಪರೀಕ್ಷೆಯಲ್ಲಿ ಪಾಸಾಗಿಲ್ಲ. ಪುಷ್ಪಾವತಿ ಹೇಳಲೋ ಬೇಡವೋ ಎಂದು ಹೇಳಿದರು: "ಈಗ ಕೇಳಬಾರದು ಮೇಡಂ..."

ಮುಂದಿನ ಸೋಮವಾರ ಕೊಡಲು ಬರುತ್ತೇನೆ ಎಂದೆ. ಹೊರಗೆ ಬಂದು, ಕಿಡ್ನಿ ವಿಭಾಗದ ಕಡೆ ಹೋಗಿ, 14ರಂದು ನಾನು ಬರಬೇಕಿತ್ತು, ಬರಲಿಲ್ಲ, ಹೆಸರು ತೆಗೆದುಬಿಡಿ ಎಂದು ಹೇಳಿದೆ. ಅಲ್ಲಿದ್ದಾತ ಪುಸ್ತಕದಲ್ಲಿ ಗೆರೆ ಎಳೆದ.

ಆಗಸ್ಟ್ 3, ಭಾನುವಾರ

ಇವತ್ತು ಅವ್ವನಿಗೆ ಹೇಳಿಬಿಟ್ಟೆ. ಹೇಳಬೇಕೆಂದು ಕೂತಿರಲಿಲ್ಲ. ಅವಳು ಹೊಸ್ತಿಲ ಹತ್ತಿರ ಕಾಲು ಚಾಚಿ ಕೂತು ಅಲಸಂದೆ ಕಾಯಿ ಬಿಡಿಸುತ್ತಿದ್ದಳು. "ನಿನ್ನ ಸಕ್ಕರೆ ನೋಡಿಸ್ಕಂಡು ಎಷ್ಟು ದಿನ ಆತು? ನೀನಾದ್ರೂ ಹುಷಾರಾಗಿರು" ಎಂದಳು.

"ಅವ್ವ, ನಂಗೆ ಸಕ್ಕರೆ ಇಲ್ಲ. ಯಾವತ್ತೂ ಇರಲಿಲ್ಲ. ಕಿಡ್ನಿ ಕೊಡಾಕೆ ಹೆದರಿ ಹಂಗಂದಿದ್ದೆ. ಸಂಧ್ಯಾಗೆ ಗೊತ್ತಿತ್ತು."

ಅವಳು ಬಿಡಿಸುತ್ತಲೇ ಇದ್ದಳು. ಕೇಳಿಸಲಿಲ್ಲವೇನೋ ಎಂದುಕೊಂಡೆ. ಆಮೇಲೆ ಮೊರ ಪಕ್ಕಕ್ಕೆ ಸರಿಸಿದಳು.

"ನೀನು ಸಕ್ಕರೆ ಐತೆ ಅಂದ ದಿನ," ಎಂದಳು, "ನಾನೇನು ಮಾಡಿದೆ ಗೊತ್ತೇನು? ದೇವರ ಮನೆಯಾಗೆ ಕುಂತು ದೀಪ ಹಚ್ಚಿದೆ. ನಿನ್ನ ಗಂಡ ಹಂಗೆ ಹೋಗಿದ್ದ. ಇಬ್ರನ್ನೂ ಒಟ್ಟಿಗೆ ಕೊಯ್ಯಾಕೆ ಮಲಗಿಸಿ ಇಬ್ರೂ ಎದ್ದು ಬರ್ಲಿಲ್ಲ ಅಂದ್ರೆ? ಒಂದಾದ್ರೂ ಉಳೀತು ಶಿವನೇ ಅಂತ ಕೈ ಮುಗಿದೆ. ಹೆತ್ತೋಳು ನಾನು. ಒಂದನ್ನ ಉಳಿಸ್ಕಂಡು ಒಂದನ್ನ ಬಿಟ್ಟೆ. ಆಮೇಲೆ ಅದರ ಮುಖ ನೋಡಿದಾಗೆಲ್ಲಾ..."

ಎರಡೂವರೆ ವರ್ಷ ಇಬ್ಬರೂ ತಂತಮ್ಮದನ್ನು ಬಚ್ಚಿಟ್ಟುಕೊಂಡು ಒಂದೇ ಸೂರಿನಡಿ ಇದ್ದೆವು.

ನಾನು ಹೋಗಿ ಅವಳ ಪಕ್ಕ, ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತೆ. ಅವಳ ಕೈ ಹಿಡಿದುಕೊಂಡೆ. ಸಿಪ್ಪೆಯ ಜಿಗುಟು ಇನ್ನೂ ಬೆರಳಲ್ಲಿತ್ತು. ಅವ್ವ ಕೈ ಎಳೆದುಕೊಳ್ಳಲಿಲ್ಲ. ಯಾರೋ ಬೀದಿಯಿಂದ, "ಯಶೋಧರಕ್ಕ, ಗ್ರಂಥಾಲಯ ಇವತ್ತು ತೆಗಿಯಲ್ವಾ?" ಎಂದು ಕೂಗಿದರು.

ಇವತ್ತು ಇಲ್ಲ ಎಂದು ಕೂತಲ್ಲಿಂದಲೇ ಹೇಳಿದೆ.